ಮಾಳಿಗೆಮನೆ ಮತ್ತು ಹಾಡುದನಿ: ಮರಿಯಮ್ಮನಹಳ್ಳಿ ಪರಿಸರದಲ್ಲಿ ಧ್ವನಿಮುದ್ರಣದ ನೆಲೆ

ಜನಪದ ಹಾಡುಗಾರಿಕೆಯ ಸಂಗ್ರಹವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಪಠ್ಯದ ಚರ್ಚೆಯೇ ಆಗಿದೆ. ಹಾಡಿದವರು ಯಾರು, ಪಾಠಾಂತರ ಯಾವುದು ಎಂಬುದನ್ನು ವಿದ್ವಾಂಸರು ಎಚ್ಚರದಿಂದ ದಾಖಲಿಸಿದ್ದಾರೆ. ಆ ದನಿಯು ಎಂತಹ ಗೋಡೆಗಳ ನಡುವೆ ಮುದ್ರಣಗೊಂಡಿತು ಎಂಬುದನ್ನು ದಾಖಲಿಸಿದ್ದು ಕಡಿಮೆ. ಧ್ವನಿಮುದ್ರಿಕೆಯಲ್ಲಿ ಗಾಯಕಿಯ ಕಂಠದೊಡನೆ ಕೋಣೆಯೂ ಮುದ್ರಿತವಾಗಿರುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಮರಿಯಮ್ಮನಹಳ್ಳಿಯು ತಕ್ಕ ನಿದರ್ಶನ. ತುಂಗಭದ್ರಾ ಜಲಾಶಯದಲ್ಲಿ ಮುಳುಗಡೆಯಾದ ನಾರಾಯಣದೇವರಕೆರೆಯ ಜನರಿಗೆ ನೆಲೆಯಾದ ಈ ಊರು ರಂಗಭೂಮಿಯ ಕಲಾವಿದೆಯರಿಗೂ ಜೋಗತಿ ಪರಂಪರೆಗೂ ಹೆಸರಾದುದು. ಕಾಳವ್ವ ಜೋಗತಿಯವರಲ್ಲಿ ಕಲಿತ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ನಾಟಕದ ಕಲಾವಿದೆಯದು ಕಟ್ಟಕಡೆಯ ಸಾಲಿನವರೆಗೆ ದನಿ ಎಸೆಯಲು ಪಳಗಿದ ಕಂಠ. ಜೋಗತಿಯದಾದರೋ ಚೌಡಿಕೆಯಿಂದ ಬೇರ್ಪಡಿಸಲಾಗದ ಕಂಠ. ಇವೆರಡೂ ನಗರದ ಸ್ಟುಡಿಯೋಗಾಗಿ ರೂಪುಗೊಂಡವಲ್ಲ.

ಹಾಗೆ ನೋಡಿದರೆ ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣವು ಆರಂಭವಾದುದೇ ತಾತ್ಕಾಲಿಕ ಕೋಣೆಯಲ್ಲಿ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರ ಕೋಣೆಯನ್ನೇ ಮುದ್ರಣಶಾಲೆಯಾಗಿಸಿ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡನು. ಮುಂದೆ ಕಂಪನಿಗಳು ನಗರಗಳಲ್ಲಿ ನೆಲೆಯೂರಿದ ಮೇಲೆ ಕಲಾವಿದರೇ ಪ್ರಯಾಣ ಮಾಡಬೇಕಾಯಿತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಮುಂಬಯಿಗೆ ಹೋಗಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದರು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷಗಳಷ್ಟು ಹಾಡು. ರಾಗವೇ ಅಷ್ಟರಲ್ಲಿ ಅಡಕವಾಗಬೇಕಾಗಿದ್ದಾಗ, ರಾತ್ರಿಗಟ್ಟಲೆ ನಡೆಯುವ ಕಥನಗಾಯನಕ್ಕೆ ಅಲ್ಲಿ ಎಡೆಯೆಲ್ಲಿಯದು?

ಸಂಡೂರು ಸೀಮೆಯ ದರೋಜಿ ಈರಮ್ಮನವರ ಬುರ್ರಕಥೆಗಳು ಇದಕ್ಕೆ ಸಾಕ್ಷಿ. ಕುಮಾರರಾಮ, ಬಾಲನಾಗಮ್ಮ ಮೊದಲಾದ ಹಲವು ಮಹಾಕಾವ್ಯಗಳನ್ನು ನೆನಪಿನಲ್ಲಿಯೇ ಹೊತ್ತಿದ್ದ, ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವಕ್ಕೆ ಪಾತ್ರರಾದ ಈ ಗಾಯಕಿ 2014ರಲ್ಲಿ ನಿಧನರಾದರು. ಇಂತಹ ಕಾವ್ಯವನ್ನು ಹಿಡಿದಿಡುವುದು ಟೇಪ್ ರೆಕಾರ್ಡರು ಹಾಡುಗಾರರ ಊರಿಗೇ ಬಂದ ಮೇಲೆ ಸಾಧ್ಯವಾಯಿತು. ಆದರೆ ಅರವತ್ತು ನಿಮಿಷದ ಕ್ಯಾಸೆಟ್ಟು ಮೂವತ್ತು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುವಂತಹದು; ಕಥನದ ಓಟಕ್ಕೆ ಅದು ತಡೆಯೇ ಸರಿ. ಇಂದಿನ ಡಿಜಿಟಲ್ ಉಪಕರಣ ಈ ತಡೆಯನ್ನು ನೀಗಿಸಿದೆ. ಉಳಿದಿರುವುದು ಕೋಣೆಯ ಸಮಸ್ಯೆ.

ಕಂಠದ ಮುದ್ರಣಕ್ಕೆ ಹೊರಗಿನ ಸದ್ದು ಒಳಬರಬಾರದು. ಒಳಗಿನ ದನಿ ಗೋಡೆಗೆ ಬಡಿದು ಮರಳಿ ಮೈಕನ್ನು ಅತಿಯಾಗಿ ಸೇರಬಾರದು. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಹಣ ಪೋಲಾಗುತ್ತದೆ. ಹೊರಸದ್ದನ್ನು ತಡೆಯುವುದು ಗೋಡೆಯ ತೂಕ ಮತ್ತು ಸಂದಿಯಿಲ್ಲದ ಬಾಗಿಲು. ಒಳದನಿಯನ್ನು ಹೀರುವುದು ದಪ್ಪನೆಯ, ಗಾಳಿಯಾಡುವ, ಮೆತ್ತನೆಯ ವಸ್ತು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ರೂಢಿಯಿಂದ ಈ ಎರಡರಲ್ಲಿ ಯಾವುದೂ ಸರಿಯಾಗಿ ಈಡೇರದು. ಬಳ್ಳಾರಿ ಸೀಮೆಯ ಹಳೆಯ ಮಾಳಿಗೆಮನೆಯಲ್ಲಿ ಮೊದಲನೆಯ ಅಗತ್ಯ ಬಹುಮಟ್ಟಿಗೆ ತಾನಾಗಿಯೇ ಪೂರೈಸಿರುತ್ತದೆ. ದಪ್ಪ ಗೋಡೆ, ಸವುಳುಮಣ್ಣು ಹೊದೆಸಿದ ಮಾಳಿಗೆ, ಚಿಕ್ಕ ಬೆಳಕಿಂಡಿ ಇವು ಹೆದ್ದಾರಿಯ ಲಾರಿಗಳ ಸದ್ದನ್ನು ತಗ್ಗಿಸುತ್ತವೆ. ತೊಲೆ, ಜಂತೆಗಳ ಏರಿಳಿತವು ದನಿಯನ್ನು ಚದುರಿಸುತ್ತದೆ. ಹತ್ತಡಿ ಉದ್ದ, ಅಗಲ, ಎತ್ತರದ ಹೊಸ ಕಾಂಕ್ರೀಟು ಕೋಣೆಯಲ್ಲಿ ಮೂರೂ ದಿಕ್ಕಿನ ಅನುರಣನ ಒಂದೇ ಸ್ಥಾನದಲ್ಲಿ ಕೂಡಿ ಕೆಲವು ತಗ್ಗುಸ್ವರಗಳು ಅಸಹಜವಾಗಿ ಉಬ್ಬುತ್ತವೆ. ಆದುದರಿಂದ ಅಗ್ಗದ ಮುದ್ರಣಕೋಣೆಯನ್ನು ಹೊಸದಾಗಿ ಕಟ್ಟುವುದಕ್ಕಿಂತ ಹಳೆಯ ನಡುಮನೆಯೊಂದನ್ನು ಕೆಡವದೆ ಉಳಿಸಿಕೊಳ್ಳುವುದು ಲೇಸು.

ಎರಡನೆಯ ಅಗತ್ಯಕ್ಕೆ ಹಳೆಯ ಸೀರೆಗಳಿಂದ ಹೊಲಿದ ಕೌದಿಗಳಿವೆ. ಗೋಡೆಗೆ ಒತ್ತಿ ಹಾಸಿದ ಕೌದಿಗಿಂತ ಗೇಣಿನಷ್ಟು ಅಂತರ ಬಿಟ್ಟು ತೂಗುಹಾಕಿದ ಕೌದಿ ತಗ್ಗುಸ್ವರಗಳನ್ನು ಹೆಚ್ಚಾಗಿ ಹೀರುತ್ತದೆ. ಮೂಲೆಗಳಿಗೆ ಹತ್ತಿ ತುಂಬಿದ ಚೀಲಗಳು ಒದಗುತ್ತವೆ. ಆದರೆ ನಾಲ್ಕೂ ಗೋಡೆಗಳನ್ನು ಮುಚ್ಚುವುದು ತಪ್ಪು. ತನ್ನ ದನಿ ಮರಳಿ ಕಿವಿಗೆ ಬೀಳದಿದ್ದರೆ ರಂಗದ ಗಾಯಕಿ ಅರಿವಿಲ್ಲದೆಯೇ ಕಂಠವನ್ನು ಬಿಗಿಯುತ್ತಾಳೆ. ಗಾಯಕಿಯ ಹಿಂಬದಿ ಹಾಗೂ ಎರಡು ಪಕ್ಕಗಳಲ್ಲಿ ಕೌದಿಯಿದ್ದು ಎದುರಿನ ಗೋಡೆ ಬರಿದಾಗಿದ್ದರೆ ಸಾಕು.

ಚೌಡಿಕೆಯ ವಿಷಯದಲ್ಲಿ ಸ್ಟುಡಿಯೋ ಪದ್ಧತಿಯನ್ನು ಒಪ್ಪಲಾಗದು. ವಾದ್ಯವನ್ನು ಒಮ್ಮೆ, ಕಂಠವನ್ನು ಇನ್ನೊಮ್ಮೆ ಮುದ್ರಿಸಿದರೆ ದನಿ ಶುದ್ಧವಾಗಬಹುದು, ಹಾಡು ಮಾತ್ರ ಒಡೆಯುತ್ತದೆ. ಏಕೆಂದರೆ ಸೊಲ್ಲಿನ ಎಳೆತವನ್ನು ಚೌಡಿಕೆಯೂ ಹಿಮ್ಮೇಳವೂ ಆ ಕ್ಷಣದಲ್ಲಿಯೇ ನಿರ್ಧರಿಸುತ್ತವೆ. ಮುಖ್ಯ ಗಾಯಕಿಯಿಂದ ಒಂದು ಮೊಳ ದೂರದಲ್ಲಿ ಒಂದೇ ಮೈಕನ್ನಿಟ್ಟು, ಹಿಮ್ಮೇಳವನ್ನು ಅರ್ಧಚಂದ್ರಾಕಾರದಲ್ಲಿ ಹಿಂದೆ ಕೂರಿಸಿದರೆ ಸಮತೋಲ ತಾನೇ ಒದಗುತ್ತದೆ.

ಮನೆಯಲ್ಲಿಯೇ ನಡೆಯುವ ಮುದ್ರಣಕ್ಕೆ ಇನ್ನೊಂದು ಅರ್ಥವೂ ಉಂಟು. ಎಲ್ಲಮ್ಮನ ಹಾಡುಗಳಲ್ಲಿ ಆಚರಣೆಗೆ ಮಾತ್ರ ಮೀಸಲಾದವುಗಳನ್ನು ಹಾಡಬೇಕೆ ಬೇಡವೆ ಎಂಬ ತೀರ್ಮಾನ ಹಾಡುವವರ ಕೈಯಲ್ಲಿ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿಯು ಪ್ರದರ್ಶಕರ ಹಕ್ಕನ್ನು ಮಾನ್ಯಮಾಡಿತು. ಮೂಲ ಮುದ್ರಿಕೆಯು ಸಂಗ್ರಾಹಕನ ಕಪಾಟಿನಲ್ಲಿಯೇ ಇರುವವರೆಗೆ ಆ ಹಕ್ಕನ್ನು ಚಲಾಯಿಸುವುದು ಕಲಾವಿದೆಗೆ ಕಷ್ಟ. ಹಾಡಿದವರ ಹೆಸರು, ದಿನಾಂಕ, ಒಪ್ಪಿಗೆಯ ಮಿತಿ ಇವು ಮುದ್ರಿಕೆಯ ಆರಂಭದಲ್ಲಿ ಅವರದೇ ದನಿಯಲ್ಲಿ ದಾಖಲಾಗಿ, ಪ್ರತಿಯೊಂದು ಅವರ ಮನೆಯಲ್ಲಿಯೇ ಉಳಿಯುವುದು ಅಗತ್ಯ.