ಸಕುರಾ ಹಾಡು, ಕಾಫಿ ಹೂವು, ಬಾಳೋಪಾಟ್

ಜಪಾನಿನಲ್ಲಿ ಶಾಲಾ ವರ್ಷ ಮಾರ್ಚಿಗೆ ಮುಗಿಯುತ್ತೆ. ಸಕುರಾ ಅರಳೋದೂ ಆ ಹೊತ್ತಿಗೇ. ಹಾಗಾಗಿ ನವೋತಾರೊ ಮೊರಿಯಾಮಾ ಅವರ 'ಸಕುರಾ' (2003) ಥರದ ಹಾಡುಗಳಲ್ಲಿ ಗಂಡುದನಿ ಅಗಲಿಕೆಯನ್ನು ಹಾಡುತ್ತೆ.

ಕೊಡಗಿನಲ್ಲಿ ಹೂಮಳೆ ಬಿದ್ದ ವಾರ, ಹತ್ತು ದಿನಕ್ಕೆ ಕಾಫಿತೋಟ ಬೆಳ್ಳಗಾಗುತ್ತೆ. ಮೂರ್ನಾಲ್ಕು ದಿನದಲ್ಲಿ ಹೂವು ಬಾಡುತ್ತೆ. ಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಇಲ್ಲದವರ ಫಸಲಿಗೆ ಪೆಟ್ಟು.

ಇಲ್ಲಿ ಗಂಡಸರ ಹಾಡೆಂದರೆ ಬಾಳೋಪಾಟ್: ನಾಲ್ವರು, ಕೈಯಲ್ಲಿ ದುಡಿ, ಭಾಷೆ ಕೊಡವ ತಕ್ಕ್. ಇಂಥ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಅಚ್ಚು ಹಾಕಿಸಿದರು. ಹಾಡು ಮನೆಮನೆಗೆ ಬರೋದು ಪುತ್ತರಿಗೆ, ಅಂದರೆ ಭತ್ತದ ಹಬ್ಬಕ್ಕೆ.

ಯುನೆಸ್ಕೊ ಈ ಭಾಷೆಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಹಳೇ ಹಾಡು ಉಳಿಸಿದರಷ್ಟೇ ಸಾಲದು ಅಂತೀನಿ ನಾನು. ಕಾಫಿ ಹೂವಿನ ಮೇಲೂ ಅದರಲ್ಲಿ ಹೊಸ ಹಾಡು ಬರಲಿ, ಹಣ್ಣು ಕೊಯ್ಯುವ ಕೂಲಿಯವರ ಪಾಡೂ ಅದರಲ್ಲಿರಲಿ.