ಕತಿ ಮುಗಿಯೂಕಿಂತ ಮೊದಲ ಶೂಟಿಂಗ್ ಸುರು

ಹೋದ ಆಯ್ತವಾರ ನಾನೂ ವೈನಿನೂ ಕೂತು ‘ಕಾಸಾಬ್ಲಾಂಕಾ’ ನೋಡಿದ್ವಿ. ಒಂದು ಕಡೆ ಗಂಡ, ಇನ್ನೊಂದು ಕಡೆ ಹಳೇ ಪ್ರೀತಿಯಂವ. ನಡುವ ಇಂಗ್ರಿಡ್ ಬರ್ಗ್‌ಮನ್. ಆಕಿ ಮಾರಿ ನೋಡಿ ವೈನಿ ಅಂದ್ರು, “ಪಾಪ, ಯಾರ ಜೊತಿ ಹೋಗಬೇಕು ಅಂತ ಆಕೀಗೇ ತಿಳೀವಲ್ತು ನೋಡು.”

ಖರೇನ ತಿಳಿದಿರಲಿಲ್ಲ!

ಇದರ ಮೂಲ ಒಂದು ನಾಟಕ. ನ್ಯೂಯಾರ್ಕಿನ ಸಾಲಿ ಮಾಸ್ತರ ಮರ್ರೇ ಬರ್ನೆಟ್ 1938ರಾಗ ವಿಯೆನ್ನಾಕ್ಕ ಹೋಗಿ, ನಾಜಿಗಳ ಕಾಟಕ್ಕ ಊರು ಬಿಡೋ ಮಂದೀನ್ನ ಕಂಡು ಬಂದಿದ್ದರು. ಜೋನ್ ಅಲಿಸನ್ ಅನ್ನೋ ಹೆಣ್ಣಮಗಳ ಜೊತಿ ಕೂಡಿ ಅದನ್ನ ನಾಟಕ ಮಾಡಿದರು. ಆಡವ್ರು ಸಿಗಲಿಲ್ಲ. ಕಡೀಕ ವಾರ್ನರ್ ಬ್ರದರ್ಸ್ 20,000 ಡಾಲರಿಗೆ ಕೊಂಡಿತು.

ಮುಂದ ಅದು ಕೈಯಿಂದ ಕೈಗೆ ಹೋತು. ಜೂಲಿಯಸ್, ಫಿಲಿಪ್ ಎಪ್‌ಸ್ಟೈನ್ ಅಂತ ಅವಳಿ-ಜವಳಿ ಅಣ್ಣತಮ್ಮರು ನಗಿಚಾಟಿಕಿ ಮಾತು ತುಂಬಿದರು. ಹೊವರ್ಡ್ ಕಾಕ್ ರಾಜಕಾರಣಕ್ಕ ಬಿಗಿ ತಂದರು. ಪ್ರೀತಿಯ ದೃಶ್ಯಗಳನ್ನ ಕೇಸಿ ರಾಬಿನ್ಸನ್ ತಿದ್ದಿದರು. 1942ರ ಮೇ 25ಕ್ಕ ಶೂಟಿಂಗ್ ಸುರುವಾದಾಗ ಬರಹ ಇನ್ನೂ ಮುಗಿದಿರಲಿಲ್ಲ. ನಾಯಕಿ ಕೇಳಿದ್ರ, ಇಬ್ಬರ ನಡುವ ಇರು ಅಂತ ಡೈರೆಕ್ಟರ್ ಮೈಕಲ್ ಕರ್ಟಿಜ್ ಹೇಳಿಬಿಟ್ಟರು. ವೈನಿ ಕಂಡ ಮಾರಿ ಅದ.

ಲಗ್ನಾದಾಕಿ ಗಂಡನ್ನ ಬಿಟ್ಟು ಹೋಗೋದನ್ನ ಆಗಿನ ಹಾಲಿವುಡ್ ನೇಮ ಒಪ್ಪತಿರಲಿಲ್ಲ. ಹಂಗಾಗಿ ತ್ರಾಸ ಇದ್ದದ್ದು ಯಾರ ಜೊತಿ ಹೋಗ್ತಾಳ ಅನ್ನೋದಕ್ಕಿಂತ, ನೋಡವ್ರ ಮನಸ್ಸಿಗೆ ಅದನ್ನ ಹೆಂಗ ಒಪ್ಪಸೋದು ಅನ್ನೋದರಾಗ. ಕಟ್ಟಕಡೀ ಮಾತಂತೂ ಶೂಟಿಂಗ್ ಮುಗಿದ ಮ್ಯಾಲೆ ನಿರ್ಮಾಪಕ ಹಾಲ್ ವಾಲಿಸ್ ಬರದದ್ದು. ಇಬ್ಬರು ಗಂಡಸರು ಬೆನ್ನು ತಿರುಗಿಸಿ ಮಂಜಿನಾಗ ನಡದು ಹೋಗ್ತಾರ, ತುಟಿ ಕಾಣಂಗಿಲ್ಲ. ಬೋಗಾರ್ಟ್ ಆಮ್ಯಾಲೆ ಬಂದು ಬರೇ ದನಿ ಕೊಟ್ಟರು.

1944ರಾಗ ಚಿತ್ರಕಥೆಯ ಆಸ್ಕರ್ ಬಂತು. ಅಣ್ಣತಮ್ಮರಿಗೆ, ಕಾಕ್‌ಗೆ. ರಾಬಿನ್ಸನ್ ಹೆಸರು ತೆರಿ ಮ್ಯಾಲೂ ಇಲ್ಲ. ನಾಟಕ ಬರದ ಇಬ್ಬರಿಗೆ ಪ್ರಶಸ್ತಿಯೊಳಗ ಪಾಲಿಲ್ಲ.

ನಮ್ಮ ಹೋಳಿಗಿನೂ ಹಂಗ ಅಲ್ಲೇನ್ರಿ? ಕಣಕ ನಾದಿದಾಕಿ ಒಬ್ಬಾಕಿ, ಹೂರಣ ರುಬ್ಬಿದಾಕಿ ಇನ್ನೊಬ್ಬಾಕಿ. ಶಾಭಾಸ್ ಅನ್ನಿಸಿಕೊಳ್ಳಾಕಿ ಬಡಿಸಿದಾಕಿ.

ಈ ಸಿನಿಮಾ ನೋಡಿದ್ರ ಸುರುವಿನ ಹೆಸರುಗಳನ್ನ ಓಡಸಬ್ಯಾಡ್ರಿ. ಜೋನ್ ಅಲಿಸನ್ ಹೆಸರು ಅಲ್ಲೇ ಅದ, ಸಣ್ಣ ಅಕ್ಷರದಾಗ.