ಅರಿಸ್ಟಾಟಲನ ವಚನವೂ ಮಾರ್ಗವೂ

ಲೋಕಕ್ಕೆ ವಿದ್ಯೆಯನ್ನಿತ್ತ ಮಹನೀಯನ ಪ್ರಭಾವವು ಎರಡು ಬಗೆಯಾಗಿ ಉಳಿಯಬಲ್ಲುದು. ಅವನು ಆಡಿದ ಮಾತನ್ನು ಮುಂದಿನವರು ಪ್ರಮಾಣವೆಂದು ಹಿಡಿಯುವುದು ಒಂದು. ಅವನು ತುಳಿದ ದಾರಿಯಲ್ಲಿ ತಾವೂ ನಡೆಯುವುದು ಮತ್ತೊಂದು. ಗ್ರೀಸ್ ದೇಶದ ತತ್ತ್ವಜ್ಞನಾದ ಅರಿಸ್ಟಾಟಲನ ವಿಷಯದಲ್ಲಿ ಈ ಎರಡೂ ನಡೆದುವು. ನಡೆದು ಒಂದರೊಡನೊಂದು ಹೋರಾಡಿದುವು.

ಅರಿಸ್ಟಾಟಲನು ಕ್ರಿ. ಪೂ. ೩೮೪ರಲ್ಲಿ ಸ್ಟಾಗಿರ ಎಂಬ ಊರಿನಲ್ಲಿ ವೈದ್ಯನೊಬ್ಬನ ಮಗನಾಗಿ ಹುಟ್ಟಿದನು. ಹದಿನೇಳನೆಯ ವಯಸ್ಸಿನಲ್ಲಿ ಅಥೆನ್ಸಿಗೆ ಬಂದು, ಪ್ಲೇಟೋವಿನ ವಿದ್ಯಾಲಯದಲ್ಲಿ ಸುಮಾರು ೨೦ ವರ್ಷಗಳನ್ನು ಕಳೆದನು. ಆದರೂ ಕಣ್ಣಿಗೆ ಕಾಣುವ ವಸ್ತುಗಳಿಂದ ಬೇರೆಯಾಗಿ ಅವುಗಳ ನಿತ್ಯರೂಪಗಳು ನೆಲಸಿವೆ ಎಂಬ ಗುರುವಿನ ಮುಖ್ಯ ಸಿದ್ಧಾಂತವನ್ನೇ ಅವನು ಖಂಡಿಸಿದನು. ಸ್ನೇಹಕ್ಕಿಂತ ಸತ್ಯಕ್ಕೆ ಮೊದಲ ಮನ್ನಣೆ ಸಲ್ಲತಕ್ಕದ್ದೆಂಬುದು ಅವನ ನಿಲುವು. ಗುರುವಿಗೇ ತಿರುಮಂತ್ರ ಹಾಕಿದನೆಂದು ಕೆಲವರಿಗೆ ತೋರಬಹುದು. ಅವನ ಮಾರ್ಗವು ಆರಂಭವಾಗುವುದು ಅಲ್ಲಿಂದಲೇ.

ಕ್ರಿ. ಪೂ. ೩೪೭ರಲ್ಲಿ ಪ್ಲೇಟೋ ತೀರಿಕೊಂಡ ತರುವಾಯ ಅವನು ಅಥೆನ್ಸನ್ನು ಬಿಟ್ಟು ಹೊರಟು, ಕೆಲಕಾಲ ಲೆಸ್ಬೋಸ್ ದ್ವೀಪದಲ್ಲಿದ್ದನು. ಬೆಸ್ತರನ್ನೂ ಜೇನು ಸಾಕುವವರನ್ನೂ ವಿಚಾರಿಸಿ ತಿಳಿದುಕೊಳ್ಳಲು ಆ ಪಂಡಿತನು ನಾಚಲಿಲ್ಲ. ಕೋಳಿಮೊಟ್ಟೆಗಳ ಒಳಗನ್ನು ದಿನದಿನದ ಬೆಳವಣಿಗೆಯಂತೆ ವರ್ಣಿಸಿ, ಮೂರು ದಿನ ಕಳೆಯುವಲ್ಲಿ ರಕ್ತದ ಬಿಂದುವಿನಂತೆ ಹೃದಯವು ಮಿಡಿಯುವುದನ್ನು ಬರೆದಿಟ್ಟನು. ಶಾರ್ಕಿನ ಜಾತಿಯ ಒಂದು ಮೀನಿನಲ್ಲಿ ಮರಿಯು ಹೊಕ್ಕುಳಬಳ್ಳಿಯಿಂದ ತಾಯಿಯ ಗರ್ಭಕೋಶಕ್ಕೆ ಅಂಟಿಕೊಂಡಿರುವುದೆಂದನು. ೧೮೪೨ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯೂಲರನು ಪರೀಕ್ಷಿಸಿ ಅದನ್ನು ಸ್ಥಿರಪಡಿಸಿದನು. ಜೇನುಗಳ ಹುಟ್ಟನ್ನು ಕುರಿತು ದೀರ್ಘವಾಗಿ ತರ್ಕಿಸಿದ ಮೇಲೆ, ಸಂಗತಿಗಳು ಇನ್ನೂ ಸಾಲದೆಂದೂ, ಅವು ದೊರೆತಾಗ ತರ್ಕಕ್ಕಿಂತ ಪ್ರತ್ಯಕ್ಷವನ್ನೇ ನಂಬತಕ್ಕದ್ದೆಂದೂ ಎಚ್ಚರಿಸಿದನು.

ಕ್ರಿ. ಪೂ. ೩೨೨ರಲ್ಲಿ ಅವನು ತೀರಿಕೊಂಡನು. ಅವನ ಗ್ರಂಥಗಳು ದೇಶಾಂತರ ಸಂಚಾರ ಮಾಡಿದುವು. ೯ನೆಯ ಶತಮಾನದಲ್ಲಿ ಬಾಗ್ದಾದಿನ ಹುನೈನ್ ಇಬ್ನ್ ಇಷಾಕನೂ ಅವನ ಸಂಗಡಿಗರೂ ಅವುಗಳಲ್ಲಿ ಹಲವನ್ನು ಸಿರಿಯಾಕ್ ಮತ್ತು ಅರಬ್ಬೀ ಭಾಷೆಗಳಿಗೆ ತಂದರು. ಸ್ಪೇನಿನ ಕಾರ್ಡೊಬದಲ್ಲಿ ಇಬ್ನ್ ರುಷ್ದನು (೧೧೨೬–೧೧೯೮) ವ್ಯಾಖ್ಯಾನಗಳನ್ನು ರಚಿಸಿದನು. ಬಳಿಕ ಅವು ಲ್ಯಾಟಿನ್ನಿಗೆ ಇಳಿದು ಪ್ಯಾರಿಸನ್ನು ಸೇರಿದುವು. ಅಲ್ಲಿ ೧೨೧೦ರಲ್ಲಿ ಅವನ ಪ್ರಕೃತಿಶಾಸ್ತ್ರದ ಗ್ರಂಥಗಳನ್ನು ಪಾಠ ಹೇಳಕೂಡದೆಂದು ನಿಷೇಧವಾಯಿತು. ೧೨೫೫ರಲ್ಲಿ ಅವೇ ಕಡ್ಡಾಯದ ಪಾಠ್ಯಗಳಾದುವು. ತಾಮಸ್ ಅಕ್ವಿನಾಸನು ಅವನ ತತ್ತ್ವವನ್ನು ಕ್ರೈಸ್ತ ಧರ್ಮದೊಡನೆ ಹೊಂದಿಸಿದನು. ಆಗಿನ ಪಂಡಿತರು ಹೆಸರು ಹೇಳದೆ ತತ್ತ್ವಜ್ಞನೆಂದರೆ, ಅದು ಅರಿಸ್ಟಾಟಲನೇ ಎಂದು ತಿಳಿಯುತ್ತಿತ್ತು.

ಹೀಗೆ ಮಾರ್ಗವು ಮರೆಯಾಗಿ ವಚನವು ಸಿಂಹಾಸನವನ್ನೇರಿತು. ಗೆಲಿಲಿಯೋ ೧೬೩೨ರ ತನ್ನ ಸಂವಾದಗ್ರಂಥದಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ವೆನಿಸಿನಲ್ಲಿ ವೈದ್ಯನೊಬ್ಬನು ಶವವನ್ನು ಕೊಯ್ದು, ನರಗಳ ಮೂಲವು ಮಿದುಳೇ ಹೊರತು ಹೃದಯವಲ್ಲವೆಂದು ತೋರಿಸಿದನಂತೆ. ನೋಡುತ್ತಿದ್ದ ಪಂಡಿತನು, ಅರಿಸ್ಟಾಟಲನ ಗ್ರಂಥವು ಅಡ್ಡ ಬಾರದಿದ್ದರೆ ಇದನ್ನು ತಾನು ಒಪ್ಪಲೇಬೇಕಾಗುತ್ತಿತ್ತೆಂದನಂತೆ!

ಇದು ನಗುವ ಮಾತು. ಅಳುವ ಮಾತೂ ಉಂಟು. ಕೆಲವರು ಸ್ವಭಾವತಃ ದಾಸರೆಂದು ಅರಿಸ್ಟಾಟಲನು ರಾಜನೀತಿಯ ಗ್ರಂಥದಲ್ಲಿ ಬರೆದಿದ್ದನು. ೧೫೫೦–೫೧ರಲ್ಲಿ ಸ್ಪೇನಿನ ವಯ್ಯಾದೊಲಿದ್ ನಗರದಲ್ಲಿ, ಅಮೆರಿಕದ ಮೂಲನಿವಾಸಿಗಳ ಮೇಲಣ ಯುದ್ಧವು ನ್ಯಾಯವೇ ಎಂಬ ಚರ್ಚೆ ನಡೆಯಿತು. ಆ ಗ್ರಂಥವನ್ನು ಲ್ಯಾಟಿನ್ನಿಗೆ ತಂದಿದ್ದ ಸೆಪುಲ್ವೇದನು ಅದೇ ಮಾತನ್ನು ಆಧಾರವಾಗಿ ಹಿಡಿದು ಯುದ್ಧವನ್ನು ಸಮರ್ಥಿಸಿದನು. ಅವನು ಅಮೆರಿಕಕ್ಕೆ ಕಾಲಿಟ್ಟವನಲ್ಲ. ಅಲ್ಲಿ ಬಹುಕಾಲ ಬಾಳಿದ್ದ ಪಾದ್ರಿ ಲಾಸ್ ಕಾಸಾಸನು ಆ ಜನರ ಊರುಗಳನ್ನೂ ಆಡಳಿತವನ್ನೂ ಕೈಗೆಲಸಗಳನ್ನೂ ಸಾಕ್ಷಿಯಾಗಿಟ್ಟು ಎದುರಾಡಿದನು. ಒಬ್ಬನ ಕೈಯಲ್ಲಿ ವಚನವಿತ್ತು. ಮತ್ತೊಬ್ಬನು ಕಣ್ಣಾರೆ ಕಂಡಿದ್ದನು. ಕಾಣದೆ ನಂಬಿದ ಮಾತು ಮನುಷ್ಯರ ಕುತ್ತಿಗೆಗೆ ನೊಗವಾಗಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಅರಿಸ್ಟಾಟಲನೂ ಈ ದೋಷದಿಂದ ಮುಕ್ತನಲ್ಲ. ಮೊಟ್ಟೆಯನ್ನು ಒಡೆದು ನೋಡಿದಷ್ಟು ಎಚ್ಚರದಿಂದ ಅವನು ದಾಸರ ಬಾಳನ್ನು ನೋಡಲಿಲ್ಲ.

ಆದರೆ ಮಾರ್ಗವು ಪೂರ್ತಿಯಾಗಿ ಅಳಿಯಲಿಲ್ಲ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯು ಪ್ರಾಣಿಗಳ ಉತ್ಪತ್ತಿಯನ್ನು ಕುರಿತ ತನ್ನ ೧೬೫೧ರ ಗ್ರಂಥದಲ್ಲಿ ಅರಿಸ್ಟಾಟಲನನ್ನೇ ಮಾರ್ಗದರ್ಶಿಯೆಂದು ಕರೆದನು. ಅವನಂತೆಯೇ ಮೊಟ್ಟೆಗಳನ್ನು ಒಡೆದು ನೋಡಿದನು. ರಾಜನ ಜಿಂಕೆಗಳನ್ನು ಕೊಯ್ದು ಪರೀಕ್ಷಿಸಿದಾಗ ಅರಿಸ್ಟಾಟಲನ ಹೇಳಿಕೆಗೆ ತಕ್ಕುದು ಅಲ್ಲಿ ಕಾಣದಿರಲು, ಕಂಡುದನ್ನೇ ಬರೆದನು. ಅರಿಸ್ಟಾಟಲನು ಬದುಕಿ ಬಂದು ಹೊಸ ಸಂಗತಿಗಳನ್ನು ಕಂಡಿದ್ದರೆ ತನ್ನ ಮತವನ್ನು ಬದಲಿಸುತ್ತಿದ್ದನೆಂಬ ಅಭಿಪ್ರಾಯವು ಗೆಲಿಲಿಯೋವಿನ ಸಂವಾದದಲ್ಲಿಯೂ ಇದೆ.

ಜೇನುಗೂಡಿನ ಒಡೆಯನನ್ನು ಅರಿಸ್ಟಾಟಲನು ಅರಸನೆಂದಿದ್ದನು. ೧೭ನೆಯ ಶತಮಾನದಲ್ಲಿ ಹಾಲೆಂಡಿನ ಸ್ವಾಮರ್‌ಡಾಮನು ಆ ಅರಸನನ್ನು ಸೂಕ್ಷ್ಮವಾಗಿ ಸೀಳಿ ನೋಡಲು, ಒಳಗೆ ಅಂಡಾಶಯಗಳಿದ್ದುವು: ಅದು ರಾಣಿ! ಗುರುವಿನ ವಚನವು ಅಲ್ಲಿ ಬಿದ್ದಿತು. ಪ್ರತ್ಯಕ್ಷವನ್ನು ನಂಬಿರೆಂಬ ಅವನ ಆಜ್ಞೆಯು ಅದೇ ಗಳಿಗೆಯಲ್ಲಿ ಸಂದಿತು. ಹಳೆಯ ಗ್ರಂಥಗಳನ್ನು ತಲೆಯ ಮೇಲಿಟ್ಟು ಪೂಜಿಸುವ ನಾವೂ ಅವುಗಳ ಕರ್ತೃಗಳಿಗೆ ಇಂಥ ಗುರುದಕ್ಷಿಣೆಯನ್ನೇ ಸಲ್ಲಿಸಬೇಕು.